‘ತುರ್ತು’ ಎಂಬ ಪದ ಬರೆದವರು

ನಮ್ಮ ಸರ್ ಮಾತಿಗೆ ಮಾತು ಕೊಡುವುದರಲ್ಲಿ ಬಲು ಚುರುಕು. ಮೆಲ್ಬರ್ನ್‌ನ ವಿಶ್ವವಿದ್ಯಾಲಯವೊಂದರಲ್ಲಿ ಅಂತರರಾಷ್ಟ್ರೀಯ ಒಪ್ಪಂದಗಳ ಕಾನೂನು ಕಲಿಸುತ್ತಿದ್ದರು. ಹಲವು ದೇಶಗಳು ಸೇರಿ ತಮ್ಮೆಲ್ಲರ ಮೇಲೊಂದು ಸಂಸ್ಥೆಯನ್ನು ಕಟ್ಟಿಕೊಂಡಾಗ ಅಲ್ಲಿ ಯಾರ ಕೈಯಲ್ಲಿ ಎಷ್ಟು ಅಧಿಕಾರ ಇರಬೇಕು, ಅದನ್ನು ಬದಲಿಸಬೇಕಾದರೆ ಯಾರ ಒಪ್ಪಿಗೆ ಬೇಕು ಎನ್ನುವುದು ಅವರ ವಿಷಯ. ಕೇಳಿದರೆ ಆಕಳಿಕೆ ಬರುವಂಥದ್ದು. ಆದರೆ ಅವರ ತರಗತಿಯಲ್ಲಿ ಯಾರೂ ಆಕಳಿಸಿದ್ದನ್ನು ನಾನು ನೋಡಿಲ್ಲ. ಕೇಳಿದವರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಬಂದುಬಿಡುತ್ತಿತ್ತು, ಉತ್ತರದ ಬಾಲದಲ್ಲಿ ಎಲ್ಲರೂ ನಗುವಂಥದ್ದೇನಾದರೂ ಇರುತ್ತಿತ್ತು.

ಊರು ಧಾರವಾಡ. ಎತ್ತರದ ಆಳು, ಹೆಗಲು ಸ್ವಲ್ಪ ಮುಂದಕ್ಕೆ ಬಾಗಿತ್ತು. ಒಪ್ಪಂದದ ಯಾವುದಾದರೂ ಕಲಮನ್ನು ಓದಿಸುವಾಗ ಹೆಬ್ಬೆರಳಿನಿಂದ ಒಂದೇ ಒಂದು ಪದವನ್ನು ಮುಚ್ಚಿ, ‘ಈಗ ಓದಿ’ ಎನ್ನುತ್ತಿದ್ದರು. ಆ ಪದ ಇಲ್ಲದೆ ಓದಿದರೆ ಅಧಿಕಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿಬಿಟ್ಟಿರುತ್ತಿತ್ತು. ಯುರೋಪಿನ ಒಕ್ಕೂಟದ ಪಾಠ ಬಂದಾಗ ಆಯೋಗ, ಮಂಡಳಿ, ಸಂಸತ್ತು ಎಂಬ ಮೂರನ್ನೂ ಕೂಡುಕುಟುಂಬದ ಸದಸ್ಯರಂತೆ ವಿವರಿಸುತ್ತಿದ್ದರು. ಒಪ್ಪಂದಕ್ಕೆ ಪ್ರತಿ ಸಲ ತಿದ್ದುಪಡಿ ಆದಾಗಲೂ ಯಾರದೋ ಕೋಣೆ ದೊಡ್ಡದಾಗುತ್ತದೆ, ಆದರೆ ಮನೆ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಿದ್ದರೆ ಯಾರ ಕೋಣೆ ಚಿಕ್ಕದಾಯಿತು, ಅದನ್ನು ಮೊದಲು ಹುಡುಕಿ ಎಂದು ಹೇಳುತ್ತಿದ್ದರು.

ನಾನು ಮೈಸೂರಿನಿಂದ ಸ್ನಾತಕೋತ್ತರ ಓದಿಗೆಂದು ಬಂದವಳು. ಮೊದಲ ದಿನ ತರಗತಿ ಮುಗಿದ ಮೇಲೆ ಅವರೇ ಕನ್ನಡದಲ್ಲಿ ಮಾತಾಡಿಸಿದರು.

“ನೀ ಮೈಸೂರಾಕಿ ಏನು?”

“ಹೌದು ಸರ್. ನಿಮಗೆ ಹೇಗೆ ಗೊತ್ತಾಯ್ತು?”

“ಪ್ರಶ್ನೆ ಕೇಳೂಕಿಂತ ಮೊದಲ ಕ್ಷಮಾ ಕೇಳಿದಿ. ನಮ್ಮ ಕಡೆ ಆಗಿದ್ರ ಜಗಳ ಆದಮ್ಯಾಲೂ ಕೇಳೂದಿಲ್ಲ.”

ಆ ವರ್ಷವೇ ಅವರ ಸಹಾಯಕಿಯಾಗಿ ಕೆಲಸಕ್ಕೆ ಸೇರಿದೆ. ಶನಿವಾರಗಳಲ್ಲಿ ಅವರ ಮನೆಯಲ್ಲಿ ಊಟ. ಅವರ ಪತ್ನಿಯನ್ನು ನಾವೆಲ್ಲ ಆಂಟಿ ಎಂದೇ ಕರೆಯುತ್ತಿದ್ದೆವು. ಹುಬ್ಬಳ್ಳಿಯವರು, ಮೆಲ್ಬರ್ನ್‌ನ ಚೈಲ್ಡ್‌ಕೇರ್ ಒಂದರಲ್ಲಿ ಬಹಳ ವರ್ಷ ದುಡಿದವರು. ಸರ್ ಊಟಕ್ಕೆ ಕುಳಿತು ಯಾರನ್ನೋ ಮಾತಿನಲ್ಲಿ ಮಡಚಿ ಹಾಕಿದ ಕಥೆ ಹೇಳುವಾಗ ನಾವು ನಗುತ್ತಿದ್ದೆವು, ಆಂಟಿ ನಗುತ್ತಿರಲಿಲ್ಲ. “ಇವರ ನಾಲಿಗಿ ಇವರಿಗಿಂತ ಮೊದಲ ಮನಿ ಬಿಡತದ” ಎಂದು ಪಲ್ಯ ಬಡಿಸುತ್ತಿದ್ದರು.

ನಮ್ಮ ತರಗತಿಯಲ್ಲಿ ಆನಾ ಎಂಬ ಹುಡುಗಿ ಇದ್ದಳು. ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪರಾಷ್ಟ್ರದವಳು. ಅವಳ ದೇಶದ ಹೆಸರು ಹೇಳಿದರೆ ಹೆಚ್ಚಿನವರು ನಕಾಶೆ ಕೇಳುತ್ತಿದ್ದರು. ಅವಳಿಗೆ ಅದರ ಬೇಸರವಿರಲಿಲ್ಲ, ಫೋನಿನಲ್ಲಿ ತೆರೆದು ತೋರಿಸುತ್ತಿದ್ದಳು. ನಾವಿಬ್ಬರೂ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಸರ್‌ಗೆ ಅವಳ ಮೇಲೆ ವಿಶೇಷ ಅಭಿಮಾನ. ಎಲ್ಲ ಸದಸ್ಯ ದೇಶಗಳೂ ಒಪ್ಪಿದರೆ ಮಾತ್ರ ನಿರ್ಣಯ ಎನ್ನುವ ಸರ್ವಾನುಮತದ ನಿಯಮದ ಬಗ್ಗೆ ಅವರು ಪಾಠ ಮಾಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಸಣ್ಣ ದೇಶದ ಬಳಿ ಸೈನ್ಯ ಇಲ್ಲ, ಹಣ ಇಲ್ಲ, ‘ಒಪ್ಪುವುದಿಲ್ಲ’ ಎನ್ನುವ ಒಂದು ಮಾತು ಇದೆ. ಅದನ್ನು ಕಿತ್ತುಕೊಳ್ಳುವವರು ಎಷ್ಟೇ ಒಳ್ಳೆಯ ಕಾರಣ ಕೊಟ್ಟರೂ ಎರಡು ಸಲ ಯೋಚಿಸಿ ಎಂದಿದ್ದರು. ಆನಾ ಅದನ್ನು ಮನೆಗೆ ಬಂದು ತನ್ನ ಅಣ್ಣನಿಗೆ ಫೋನಿನಲ್ಲಿ ಹೇಳಿದಳು. ಅವನು ಮೀನುಗಾರ. ಓದು ಮುಗಿಸಿ ಅವಳು ಊರಿಗೆ ಹೋದಳು, ಅಲ್ಲಿನ ಸರ್ಕಾರದ ಕಾನೂನು ಅಧಿಕಾರಿಯಾದಳು.

ಅವಳ ದೇಶ ಮತ್ತು ಸುತ್ತಲಿನ ಹತ್ತಾರು ದೇಶಗಳು ಸೇರಿ ಸಮುದ್ರದ ಮೀನುಗಾರಿಕೆಯನ್ನು ನೋಡಿಕೊಳ್ಳಲು ಒಂದು ಸಂಸ್ಥೆ ಮಾಡಿಕೊಂಡಿದ್ದವು. ಅದರಲ್ಲಿ ಎಲ್ಲ ದೇಶಗಳಿಗೂ ತಲಾ ಒಂದು ಮತವಿರುವ ಮಹಾಸಭೆ ಒಂದು ಕಡೆ. ಖರ್ಚಿನ ಬಹುಪಾಲು ಹೊರುತ್ತಿದ್ದ ಕೆಲವೇ ದೊಡ್ಡ ದೇಶಗಳ ಮಂಡಳಿ ಇನ್ನೊಂದು ಕಡೆ. ದಿನನಿತ್ಯದ ಕೆಲಸಕ್ಕೆ ಒಂದು ಕಾರ್ಯಾಲಯ. ಯಾವ ಸಮುದ್ರದಲ್ಲಿ ಯಾರು ಮೀನು ಹಿಡಿಯಬಹುದು ಎಂಬುದನ್ನು ಮಹಾಸಭೆ ಸರ್ವಾನುಮತದಿಂದ ತೀರ್ಮಾನಿಸಬೇಕು ಎಂದು ಮೂಲ ಒಪ್ಪಂದದಲ್ಲಿತ್ತು. ಒಬ್ಬರು ಹೂಂ ಎಂದರೆ ಇನ್ನೊಬ್ಬರು ಊಹೂಂ. ಜಗಳ ಮುಗಿಯುವಷ್ಟರಲ್ಲಿ ಹೊರಗಿನ ಹಡಗುಗಳು ಬಂದು ಸಮುದ್ರ ಬಳಿದುಕೊಂಡು ಹೋಗುತ್ತಿದ್ದವು. ಮೀನು ನಿಜವಾಗಿಯೂ ಕಡಿಮೆಯಾಗುತ್ತಿತ್ತು. ಆಗ ಕಾರ್ಯಾಲಯದವರು ಒಪ್ಪಂದದ ಸುಧಾರಣೆಗೆ ಕರಡು ಬರೆದುಕೊಡಿ ಎಂದು ಸರ್ ಬಳಿ ಬಂದರು.

ಅವರು ದುರಾಸೆಯಿಂದ ಒಪ್ಪಲಿಲ್ಲ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ವರ್ಷಾನುಗಟ್ಟಲೆ ಬೇರೆಯವರ ಒಪ್ಪಂದಗಳನ್ನು ಪಾಠ ಮಾಡಿದವರಿಗೆ ತಾವೇ ಒಂದನ್ನು ಬರೆಯುವ ಅವಕಾಶ. ಸಮುದ್ರ ಉಳಿಸುವ ಕೆಲಸ ಎಂದು ಮನಸಾರೆ ನಂಬಿದ್ದರು. ಕರಡಿನ ತಿರುಳು ಇಷ್ಟು: ಸಾಮಾನ್ಯ ವಿಷಯಗಳಲ್ಲಿ ಸರ್ವಾನುಮತ ಇರಲಿ, ಆದರೆ ‘ತುರ್ತು’ ಸಂದರ್ಭದಲ್ಲಿ ಮಂಡಳಿಯೇ ಬಹುಮತದಿಂದ ನಿರ್ಧಾರ ತೆಗೆದುಕೊಳ್ಳಲಿ. ಯಾವುದು ತುರ್ತು ಎನ್ನುವುದನ್ನೂ ಮಂಡಳಿಯೇ ಹೇಳುತ್ತದೆ. ಮತ್ತೆ ಯಾರೋ ಬಂದು ಇದನ್ನು ಕೆಡಿಸಬಾರದೆಂದು, ಈ ಕಲಮನ್ನು ತಿದ್ದಬೇಕಾದರೆ ಮೊದಲು ಮಂಡಳಿಯ ಒಪ್ಪಿಗೆ ಬೇಕು ಎಂದೂ ಸೇರಿಸಿದರು. ಅದನ್ನು ಟೈಪ್ ಮಾಡಿದವಳು ನಾನು.

ಕರಡಿನ ಚರ್ಚೆ ಮೆಲ್ಬರ್ನ್‌ನಲ್ಲೇ, ಒಂದು ಹೋಟೆಲಿನ ಸಭಾಂಗಣದಲ್ಲಿ ನಡೆಯಿತು. ಆನಾ ತನ್ನ ದೇಶದ ಪರವಾಗಿ ಬಂದಿದ್ದಳು. ಬೆಳಗ್ಗೆ ಕಾಫಿಯ ಹೊತ್ತಿನಲ್ಲಿ ಸರ್ ಅವಳ ಭುಜ ತಟ್ಟಿ, ಇವಳು ನನ್ನ ವಿದ್ಯಾರ್ಥಿನಿ ಎಂದು ಎಲ್ಲರಿಗೂ ಪರಿಚಯ ಮಾಡಿಕೊಟ್ಟರು. ಮಧ್ಯಾಹ್ನ ಅವಳ ಸರದಿ ಬಂತು. ಅವಳು ಇಂಗ್ಲಿಷಿನಲ್ಲಿ ಆಡಿದ್ದನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಸರ್, ತುರ್ತು ಹೌದೋ ಅಲ್ಲವೋ ಎಂದು ಮಂಡಳಿಯೇ ಹೇಳಿದರೆ, ಎಲ್ಲವನ್ನೂ ತುರ್ತು ಎನ್ನದಂತೆ ತಡೆಯುವವರು ಯಾರು? ನಮ್ಮ ಬಳಿ ಇರುವುದು ಒಪ್ಪುವುದಿಲ್ಲ ಎನ್ನುವ ಮಾತೊಂದೇ. ಇದನ್ನು ನನಗೆ ಕಲಿಸಿದವರು ನೀವೇ.”

ಸರ್ ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ. “ಮನೆಗೆ ಬೆಂಕಿ ಬಿದ್ದಾಗ ಅದು ಬೆಂಕಿ ಹೌದೋ ಅಲ್ಲವೋ ಎಂದು ಮತಕ್ಕೆ ಹಾಕುವುದಿಲ್ಲ ಆನಾ. ನೀನು ಪಾಠದ ಮೊದಲರ್ಧಕ್ಕೆ ಮಾತ್ರ ಬಂದಿದ್ದೆ ಎಂದು ಕಾಣುತ್ತದೆ.”

ಸಭಾಂಗಣ ನಕ್ಕಿತು. ದೊಡ್ಡ ದೇಶಗಳವರು ಮೇಜು ತಟ್ಟಿ ನಕ್ಕರು. ಸಣ್ಣ ದೇಶಗಳವರಲ್ಲೂ ಕೆಲವರು ನಕ್ಕರು. ಮೈಕ್ ಮುಂದಿನವರಿಗೆ ಹೋಯಿತು. ಆನಾ ಇನ್ನೂ ನಿಂತೇ ಇದ್ದಳು, ಏನೋ ಹೇಳಿದಳು, ಅದು ಅವಳ ಹಿಂದೆಯೇ ಕುಳಿತಿದ್ದ ನನಗೆ ಬಿಟ್ಟು ಬೇರೆ ಯಾರಿಗೂ ಕೇಳಿಸಿರಲಾರದು. ಅವಳ ಕುತ್ತಿಗೆ ಕೆಂಪಾಗಿತ್ತು. ನನ್ನ ಗುರು ತಮ್ಮದೇ ಪಾಠವನ್ನು ತಮ್ಮದೇ ಶಿಷ್ಯೆಯ ಮುಖಕ್ಕೆ ಎಸೆದದ್ದನ್ನು ನೋಡಿ ನನಗೆ ತಲೆ ಎತ್ತಲಾಗಲಿಲ್ಲ. ಅಪ್ಪನೋ ಅಣ್ಣನೋ ಹತ್ತು ಜನರೆದುರು ಅಲ್ಪರಂತೆ ನಡೆದುಕೊಂಡಾಗ ಆಗುತ್ತದಲ್ಲ, ಅಂಥ ನಾಚಿಕೆ.

ಸುಧಾರಣೆಗೆ ಎಲ್ಲ ದೇಶಗಳ ಸಹಿ ಬೇಕಿತ್ತು. ಆನಾಳ ಸರ್ಕಾರ ಕೆಲವು ತಿಂಗಳು ಹಿಂಜರಿಯಿತು. ಬಂದರಿನ ದುರಸ್ತಿಗೆ ಬರಬೇಕಿದ್ದ ನೆರವು ತಡವಾಗಬಹುದು ಎಂದು ಯಾರೋ ಅವರ ಮಂತ್ರಿಗೆ ನಯವಾಗಿ ಹೇಳಿದರಂತೆ. ಸಹಿ ಬಿತ್ತು. ಆ ಸಂಜೆ ಸರ್ ಮನೆಯಲ್ಲಿ ಊಟವಿತ್ತು. ಬೆಂಕಿಯ ಮಾತನ್ನು ಯಾರೋ ನೆನಪಿಸಿದರು, ಮತ್ತೆ ಎಲ್ಲರೂ ನಕ್ಕರು. ಆಂಟಿ ಎದ್ದು ಒಳಗೆ ಹೋದರು.

ಮುಂದೆ ನನಗೆ ಸಿಡ್ನಿಯ ಮ್ಯಾಕ್ವೆರಿ ಪಾರ್ಕ್‌ನ ಔಷಧ ಕಂಪನಿಯೊಂದರ ಕಾಂಟ್ರ್ಯಾಕ್ಟ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮದುವೆ, ಕಾಯಂ ನೆಲೆಸಲು ಪಿಆರ್, ಮನೆಗೆ ಮಾರ್ಟ್‌ಗೇಜ್ ಎಂದು ದಿನಗಳು ಓಡಿದವು. ಸರ್ ಆಗಾಗ ಫೋನ್ ಮಾಡುತ್ತಿದ್ದರು. ಆ ಸಂಸ್ಥೆಯ ಸುದ್ದಿ ನಮ್ಮ ಮಾತಿನಲ್ಲಿ ಬರುವುದು ಕಡಿಮೆಯಾಗಿತ್ತು. ಬಂದಾಗಲೂ ಅವರೇ ಬೇರೆ ಕಡೆ ತಿರುಗಿಸುತ್ತಿದ್ದರು. ಮಂಡಳಿಗೆ ತುರ್ತು ಎಂಬ ಪದ ಬಹಳ ರುಚಿಸಿತ್ತು. ಮೊದಮೊದಲು ಹೊರಗಿನ ಹಡಗುಗಳನ್ನು ತಡೆಯಲು ಬಳಸಿದರು, ಅದು ಒಳ್ಳೆಯದೇ ಆಯಿತು. ಆಮೇಲೆ ಬಜೆಟ್ಟೂ ತುರ್ತು, ನೇಮಕಾತಿಯೂ ತುರ್ತು. ಕೊನೆಗೊಂದು ದಿನ ಆನಾಳ ದೇಶದ ಸುತ್ತಲಿನ ಸಮುದ್ರವನ್ನು ತುರ್ತು ಎಂದು ಘೋಷಿಸಿ ಮೀನುಗಾರಿಕೆಗೆ ಮುಚ್ಚಿದರು. ಅದಕ್ಕೆ ತಾಗಿದ್ದ ನೀರು ಮಾತ್ರ ದೊಡ್ಡ ದೇಶಗಳ ಹಡಗುಗಳಿಗೆ ತೆರೆದೇ ಇತ್ತು. ಮಹಾಸಭೆಯನ್ನು ಕೇಳಲಿಲ್ಲ, ಕೇಳಬೇಕೆಂಬ ನಿಯಮವೂ ಉಳಿದಿರಲಿಲ್ಲ. ದೋಣಿಗಳು ದಡ ಹತ್ತಿದವು. ಮೀನು ಡಬ್ಬಿಗೆ ತುಂಬುವ ಆ ಊರಿನ ಒಂದೇ ಕಾರ್ಖಾನೆ ಬಾಗಿಲು ಹಾಕಿತು. ಜನ ದುಡಿಮೆ ಹುಡುಕಿ ಹೊರದೇಶಗಳಿಗೆ ಹೊರಟರು.

ಸುದ್ದಿ ಬಂದ ವಾರ ಸರ್ ಫೋನ್ ಮಾಡಿದರು. ಕುಶಲ ಕೇಳಲಿಲ್ಲ.

“ತಂಗಿ, ಅವತ್ತು ಮೀಟಿಂಗಿನ್ಯಾಗ ನೀ ಆನಾನ ಹಿಂದ ಕೂತಿದ್ದಿ. ಎಲ್ಲಾರೂ ನಗೂವಾಗ ಆಕಿ ಏನೋ ಅಂದ್ಲು. ತುಟಿ ಅಲ್ಲಾಡಿದ್ದು ನೋಡಿದೆ, ಕೇಳಿಸಲಿಲ್ಲ. ಏನಂದ್ಲು?”

ಹೇಳಬೇಕೋ ಬೇಡವೋ ಎಂದು ಅನುಮಾನಿಸಿದೆ. “‘ಮನೆ ನಮ್ಮದು ಸರ್’ ಅಂದ್ಲು.”

ಆ ಕಡೆ ಫೋನ್ ಇಟ್ಟ ಸದ್ದು, ಹಿಂದೆಯೇ ಬಾಗಿಲ ಸದ್ದು. ಆಮೇಲೆ ಆಂಟಿಯ ದನಿ ಬಂತು. “ಫೋನ್ ಟೇಬಲ್ ಮ್ಯಾಲಿಟ್ಟು ಹೊರಗ ಹೋದ್ರು ನೋಡವಾ. ಏನಾತು?”

ಅಂದಿನಿಂದ ಸರ್ ಬದಲಾದರು. ಪ್ರಶ್ನೆ ಕೇಳಿದರೆ ತಕ್ಷಣ ಉತ್ತರಿಸುವುದನ್ನು ನಿಲ್ಲಿಸಿದರು. ಕೇಳಿದವರ ಮುಖವನ್ನೇ ನೋಡುತ್ತ, ಇನ್ನೂ ಏನಾದರೂ ಹೇಳುವುದಿದೆಯೇ ಎಂಬಂತೆ ಕಾಯುತ್ತಿದ್ದರು. ಅವರ ಕಿವಿ ಮಂದವಾಗಿದೆ ಎಂದು ವಿದ್ಯಾರ್ಥಿಗಳು ಮಾತಾಡಿಕೊಂಡರು. ವಿಭಾಗದವರು ಹಿಯರಿಂಗ್ ಟೆಸ್ಟ್ ಬುಕ್ ಮಾಡಿಕೊಳ್ಳಿ ಎಂದು ಸಲಹೆ ಕೊಟ್ಟರಂತೆ. ಅವರು ನಿಜಕ್ಕೂ ಹೋಗಿ ಮಾಡಿಸಿಕೊಂಡು ಬಂದರು, ಕಿವಿ ಸರಿಯಾಗಿತ್ತು. ಕಲಮನ್ನು ತಿದ್ದಬೇಕೆಂದು ಲೇಖನ ಬರೆದರು, ಭಾಷಣ ಮಾಡಿದರು, ಕಾರ್ಯಾಲಯಕ್ಕೆ ಅಲೆದರು. ಪ್ರತಿ ಕಡೆಯೂ ಸಿಕ್ಕಿದ್ದು ಒಂದೇ ಉತ್ತರ: ಮಂಡಳಿ ಒಪ್ಪಿದರೆ ತಿದ್ದಬಹುದು. ಮಂಡಳಿ ಯಾಕೆ ಒಪ್ಪುತ್ತದೆ? ಆ ಬೀಗ ಎಷ್ಟು ಗಟ್ಟಿ ಎಂದು ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಿಲ್ಲ.

ಆನಾ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಅಣ್ಣನ ಸಂಸಾರದ ಜೊತೆ ಸಿಡ್ನಿಗೆ ಬಂದು ಅಲ್ಲಿನ ಬಡಾವಣೆ ಲಿವರ್‌ಪೂಲ್‌ನಲ್ಲಿದ್ದಾಳೆ, ವಲಸಿಗರಿಗೆ ಉಚಿತ ಕಾನೂನು ಸಲಹೆ ಕೊಡುವ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ ಎಂದು ಗೊತ್ತಾದಾಗ ಸರ್ ಹೊರಟು ಬಂದರು. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಎಂ ಫೈವ್ ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತಾಗ, “ಭೇಟಿ ಆಗೂದಿಲ್ಲ ಅಂದ್ರೂ ಅಡ್ಡಿ ಇಲ್ಲ. ಹೊರಗ ನಿಂತು ಬರ್ತೇನಿ” ಎಂದರು.

ಆನಾ ಬಾಗಿಲು ತೆರೆದಳು. ನನ್ನನ್ನು ಅಪ್ಪಿಕೊಂಡಳು, ಅಡುಗೆಮನೆಯಲ್ಲಿ ಸರ್‌ಗೆ ಕುರ್ಚಿ ತೋರಿಸಿದಳು. ಟೀ ಮಾಡಿ ತಂದಳು. ಅವಳ ಅಣ್ಣ ಪಕ್ಕದ ಕೋಣೆಯಲ್ಲಿ ಮಲಗಿದ್ದ, ಗೋದಾಮಿನಲ್ಲಿ ರಾತ್ರಿ ಪಾಳಿ ಎಂದಳು. ನಾವೆಲ್ಲ ದನಿ ತಗ್ಗಿಸಿ ಮಾತಾಡಿದೆವು.

ಸರ್ ಟೀ ಮುಟ್ಟಲಿಲ್ಲ. “ನೀನು ಕೇಳಿದ ಪ್ರಶ್ನೆ ಸರಿಯಾಗಿತ್ತು. ನನಗೆ ಅದು ಅಲ್ಲೇ ಗೊತ್ತಿತ್ತು. ನನ್ನ ಬಳಿ ಉತ್ತರ ಇರಲಿಲ್ಲ, ಅದಕ್ಕೇ ನಗಿಸಿದೆ. ಕ್ಷಮಿಸು ಆನಾ.”

ಅಲ್ಲೇ ಗೊತ್ತಿತ್ತು ಎಂಬುದು ನನಗೆ ಹೊಸದು. ಮಾತಿನ ಭರದಲ್ಲಿ ಆದ ತಪ್ಪು ಎಂದೇ ನಾನು ಅಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಆನಾ ಲೋಟವನ್ನು ಕೆಳಗಿಟ್ಟಳು. “ನನ್ನನ್ನು ನೋಡಿ ಎಲ್ಲರೂ ನಗುವಂತೆ ಮಾಡಿದ್ದಕ್ಕಾದರೆ ಆಯಿತು ಸರ್, ಅದನ್ನು ನಾನು ಎಂದೋ ಬಿಟ್ಟೆ. ಇನ್ನೊಂದು, ಆ ಕಲಮಿನದು, ನನ್ನೊಬ್ಬಳ ಕೈಯಲ್ಲಿಲ್ಲ. ನಮ್ಮ ಊರಿನವರನ್ನೆಲ್ಲ ಕೇಳಬೇಕು, ಅವರು ಈಗ ಒಂದೊಂದು ದೇಶದಲ್ಲಿದ್ದಾರೆ.” ಮತ್ತೆ ಮೆಲ್ಲಗೆ ಹೇಳಿದಳು, “ಇಲ್ಲಿ ಅಡುಗೆಮನೆಯಲ್ಲಿ ಹೇಳಿದರೆ ಏನು ಬಂತು? ಅಲ್ಲಿ ಹೇಳಿ. ಅವರೆಲ್ಲ ನಕ್ಕರಲ್ಲ, ಅವರೆದುರು.”

ಸರ್ ತಲೆಯಾಡಿಸಿದರು. ಹೊರಡುವ ಮೊದಲು ಆರಿದ ಟೀಯನ್ನು ಪೂರ್ತಿ ಕುಡಿದರು.

ಆ ಸಂಸ್ಥೆಯ ಪರಿಶೀಲನಾ ಸಭೆ ಮರುವರ್ಷ ಸಿಡ್ನಿಯಲ್ಲಿ ನಡೆಯಿತು. ತಜ್ಞರ ಅಭಿಪ್ರಾಯಕ್ಕೆ ಮೀಸಲಿಟ್ಟ ಹೊತ್ತಿನಲ್ಲಿ ಸರ್ ಸಮಯ ಕೇಳಿ ಪಡೆದಿದ್ದರು. ಕಲಮನ್ನು ಬರೆದವರೇ ಬರುತ್ತಿದ್ದಾರೆಂದು ಮಂಡಳಿಯವರು ಮುಂದಿನ ಸಾಲಿನಲ್ಲಿ ಕೂರಿಸಿದರು. ನಾನು ರಜೆ ಹಾಕಿ ಹೋಗಿ ಹಿಂದೆ ಕುಳಿತಿದ್ದೆ. ಸರ್ ಎದ್ದು ನಿಂತರು, ಕೈಯಲ್ಲಿ ಕಾಗದ ಕೂಡ ಇರಲಿಲ್ಲ.

“ತುರ್ತು ಎಂಬ ಪದ ಬರೆದವನು ನಾನು. ಅದರ ಅರ್ಥ ಹೇಳುವ ಅಧಿಕಾರವನ್ನು ಮಂಡಳಿಗೇ ಕೊಟ್ಟವನೂ ನಾನು. ಅದರಿಂದ ಏನಾಗಬಹುದು ಎಂದು ಒಬ್ಬರು ನನ್ನನ್ನು ಇಂಥದೇ ಸಭೆಯಲ್ಲಿ ಕೇಳಿದ್ದರು. ಅವರು ಹೇಳಿದ್ದೇ ಆಯಿತು. ನಾನು ಉತ್ತರ ಕೊಡುವ ಬದಲು ಅವರನ್ನು ನಗೆಪಾಟಲು ಮಾಡಿದೆ. ನನಗೆ ನಾಚಿಕೆಯಾಗಿದೆ. ಈ ಕಲಮನ್ನು ತೆಗೆದುಹಾಕಿ.”

ಮಂಡಳಿಯ ಕಡೆಯ ಯುವ ವಕೀಲನೊಬ್ಬ ಮೈಕ್ ತೆಗೆದುಕೊಂಡ. ಬಲು ವಿನಯದಿಂದಲೇ ಕೇಳಿದ: “ಪ್ರೊಫೆಸರ್, ಯಾವ ವಿಧಾನದಿಂದ ತೆಗೆಯಬೇಕು ಎಂದು ತಿಳಿಸಬಹುದೇ?”

ಸರ್ ಅವನ ಕಡೆ ತಿರುಗಿದರು. “ನಿಮ್ಮ ಒಪ್ಪಿಗೆಯಿಂದ. ಬೇರೆ ದಾರಿ ಇಲ್ಲದಂತೆ ನಾನೇ ಬರೆದಿದ್ದೇನೆ” ಎಂದರು.

ಯಾರೋ ಕಿಸಕ್ಕೆಂದರು. ಆ ನಗು ಒಂದು ಸಾಲಿನಿಂದ ಇನ್ನೊಂದಕ್ಕೆ ಹರಡಿತು. ಅಧ್ಯಕ್ಷರು ಅಮೂಲ್ಯ ಅಭಿಪ್ರಾಯಕ್ಕಾಗಿ ಧನ್ಯವಾದ ಹೇಳಿ ಮುಂದಿನ ವಿಷಯ ಕರೆದರು. ಸಣ್ಣ ದೇಶಗಳ ಇಬ್ಬರು ಮೂವರು ಎದ್ದು, ಇದನ್ನು ಉಪಸಮಿತಿಗಾದರೂ ಕಳಿಸಿ ಎಂದು ಪಟ್ಟು ಹಿಡಿದರು. ಉಪಸಮಿತಿಗೆ ಹೋಯಿತು. ಈಗಲೂ ಅಲ್ಲೇ ಇದೆ.

ಸಂಜೆ ಮೆಟ್ರೋದಲ್ಲಿ ನಮ್ಮ ಮನೆಗೆ ಬರುವಾಗ ಸರ್ ಚಾಟ್ಸ್‌ವುಡ್ ನಿಲ್ದಾಣ ದಾಟುವವರೆಗೂ ಕಿಟಕಿಯ ಕಡೆ ನೋಡುತ್ತಿದ್ದರು.

“ನಗು ಕೇಳಿಸ್ತಲ್ಲ ತಂಗಿ?”

“ಬಿಡಿ ಸರ್. ಅವರ ಯೋಗ್ಯತೆ ಅಷ್ಟೇ.”

“ಅಲ್ಲ, ಅವರನ್ನ ಬೈಬ್ಯಾಡ. ನಗಸಾಂವಗ ಅದು ಹೆಂಗ ಕೇಳಿಸ್ತದ ಅಂತ ಗೊತ್ತಿತ್ತು. ಎದ್ದು ನಿಂತಾವಗ ಹೆಂಗ ಕೇಳಿಸ್ತದ ಅಂತ ಇವತ್ತ ಗೊತ್ತಾತು.”

ಆಮೇಲೆ ಅವರನ್ನು ಯಾವ ಸಂಸ್ಥೆಯೂ ಸಲಹೆಗೆ ಕರೆಯಲಿಲ್ಲ. ವಯಸ್ಸಾಯಿತು, ಮನಸ್ಸು ಮೆತ್ತಗಾಗಿದೆ ಎಂದು ಹಳೆಯ ಸ್ನೇಹಿತರು ಹೇಳಿಕೊಂಡು ತಿರುಗಿದರು. ನಿವೃತ್ತಿಯ ಬೀಳ್ಕೊಡುಗೆ ಬೇಡ ಎಂದರು, ಯಾರೂ ಒತ್ತಾಯಿಸಲಿಲ್ಲ. ನಾನೊಬ್ಬಳಾದರೂ ಅವರನ್ನು ಕೇಳಬಹುದಿತ್ತು, ಇಷ್ಟೆಲ್ಲ ಗೊತ್ತಿದ್ದೂ ಅವತ್ತು ಯಾಕೆ ಹಾಗೆ ಬರೆದಿರಿ ಎಂದು. ಅವರು ತಾವಾಗಿಯೇ ಒಮ್ಮೆ ಹೇಳಿದರು. ಕಾಲೇಜಿನ ಮೆಟ್ಟಿಲ ಮೇಲೆ ನಿಂತು ಮಾತಾಡಿದ್ದು ಸಾವಿರ ಇರುತ್ತದೆ, ಒಂದೇ ಒಂದು ಸಲ ದೊಡ್ಡ ದೇಶಗಳವರು ಕಿವಿಗೊಟ್ಟು ಕೇಳಿದರು, ಅವರಿಗೆ ಹಿಡಿಸುವಂಥದ್ದನ್ನೇ ಹೇಳಿಬಿಟ್ಟೆ ಎಂದು.

ಕಳೆದ ಚಳಿಗಾಲದಲ್ಲಿ ಸರ್ ತೀರಿಕೊಂಡರು. ಮೆಲ್ಬರ್ನ್‌ನ ಅವರ ವಿಭಾಗದಲ್ಲೇ ಸಂತಾಪ ಸಭೆ ಇಟ್ಟಿದ್ದರು. ಸಿಡ್ನಿಯಿಂದ ನಾನು ಮತ್ತು ಆನಾ ಒಂದೇ ವಿಮಾನದಲ್ಲಿ ಹೋದೆವು. ಬರುತ್ತೀಯಾ ಎಂದು ನಾನು ಕೇಳಿರಲಿಲ್ಲ, ಅವಳೇ ಟಿಕೆಟ್ ಬುಕ್ ಮಾಡಿ ನನಗೆ ತಿಳಿಸಿದ್ದಳು.

ಮಾತಾಡಿದವರೆಲ್ಲ ಒಳ್ಳೆಯದನ್ನೇ ಹೇಳಿದರು. ಅವರ ಚುರುಕು, ಅವರ ಹಾಸ್ಯ. ಆ ಸಂಸ್ಥೆಯ ಕಾರ್ಯಾಲಯದಿಂದ ಬಂದಿದ್ದ ಅಧಿಕಾರಿಯೊಬ್ಬರು ಎದ್ದು, ನಿಂತುಹೋಗಿದ್ದ ನಮ್ಮ ಸಂಸ್ಥೆಗೆ ಚಲನೆ ಕೊಟ್ಟದ್ದು ಅವರ ತುರ್ತು ಕಲಮು, ಅದು ಅವರ ಬಾಳಿನ ದೊಡ್ಡ ಕೊಡುಗೆ ಎಂದರು. ಬೆಂಕಿಯ ಮಾತನ್ನೂ ಹೇಳಿದರು. ಜನ ಮೆಲ್ಲಗೆ, ಸಾವಿನ ಮನೆಯಲ್ಲಿ ನಗುವ ಹಾಗೆ ನಕ್ಕರು. ಮುಂದಿನ ಸಾಲಿನಲ್ಲಿದ್ದ ಆಂಟಿ ನೆಲ ನೋಡುತ್ತ ಕುಳಿತಿದ್ದರು. ಅವರ ಕಿವಿಯವರೆಗೂ ಕೆಂಪು ಏರಿತ್ತು.

ಆನಾ ಎದ್ದು ನಿಂತಳು. ಅವಳ ಹೆಸರು ಮಾತಾಡುವವರ ಪೈಕಿ ಇರಲಿಲ್ಲ. ಮೈಕಿಗೆ ಕಾಯಲಿಲ್ಲ, ಇದ್ದಲ್ಲಿಂದಲೇ ಮಾತಾಡಿದಳು.

“ಅವರು ನನ್ನ ಗುರುಗಳು. ಆ ಕಲಮಿನಿಂದ ನಮ್ಮ ಸಮುದ್ರ ಹೋಯಿತು, ಇನ್ನೂ ಬಂದಿಲ್ಲ. ಅದಕ್ಕೆ ಕಾರಣರಾದವರು ಬಹಳ ಜನ ಇದ್ದಾರೆ. ನಾನು ಮಾಡಿದೆ ಎಂದು ನಮ್ಮ ಮನೆ ಬಾಗಿಲಿಗೆ ಬಂದವರು ಅವರೊಬ್ಬರೇ. ದಯವಿಟ್ಟು ಅದನ್ನು ಅವರ ಕೊಡುಗೆ ಎನ್ನಬೇಡಿ. ಅವರಿಗೆ ನಾಚಿಕೆಯಾಗುತ್ತಿತ್ತು.”

ಕುಳಿತುಕೊಂಡಳು. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಯಾರಿಗೂ ತೋಚಲಿಲ್ಲ. ನಿರೂಪಣೆ ಮಾಡುತ್ತಿದ್ದವರು ಗಂಟಲು ಸರಿಮಾಡಿಕೊಂಡು ಮುಂದಿನವರ ಹೆಸರು ಕರೆಯಲು ಹೊರಟರು. ಆಂಟಿ ಕೈ ಎತ್ತಿ ಅವರನ್ನು ತಡೆದರು, ಆಮೇಲೆ ನನ್ನ ಕಡೆ ತಿರುಗಿದರು.

“ಸಾಕಂತ ಹೇಳವಾ ಅವರಿಗೆ. ಇದರ ಮ್ಯಾಲ ಮತ್ಯಾರೂ ಮಾತಾಡೂದು ಬ್ಯಾಡ.”

ನಾನು ಎದ್ದು ಇಂಗ್ಲಿಷಿನಲ್ಲಿ ಅಷ್ಟನ್ನೇ ಹೇಳಿದೆ. ಸಭೆ ಅಲ್ಲಿಗೇ ಮುಗಿಯಿತು.